ಡಚ್ ಭಾಷೆಯವರ ಇಂಗ್ಲಿಷ್ ಕಲಿಕೆಯಲ್ಲಿ ಕಾಲರೂಪಗಳೂ ಆವಶ್ಯಕತ್ವದ ಕ್ರಿಯಾಪದಗಳೂ

೧. ವಿಷಯಸ್ವರೂಪ

ಒಂದೇ ಮೂಲದಿಂದ ಹುಟ್ಟಿದ ಎರಡು ಭಾಷೆಗಳಲ್ಲಿ ಒಂದನ್ನು ಬಲ್ಲವನು ಮತ್ತೊಂದನ್ನು ಅನಾಯಾಸವಾಗಿ ಕಲಿಯಬಲ್ಲನೆಂಬುದು ಲೋಕದಲ್ಲಿ ರೂಢವಾದ ಅಭಿಪ್ರಾಯ. ಇದು ಬಹುಮಟ್ಟಿಗೆ ನಿಜವಾದರೂ ಸರ್ವಥಾ ನಿಜವಲ್ಲ. ದೂರದ ಭಾಷೆಯನ್ನು ಕಲಿಯುವವನು ಪ್ರತಿಯೊಂದು ಪದವನ್ನೂ ಹೊಸದೆಂದು ತಿಳಿದು ಎಚ್ಚರದಿಂದ ನಡೆಯುತ್ತಾನೆ. ಸಮೀಪದ ಭಾಷೆಯನ್ನು ಕಲಿಯುವವನಾದರೋ ರೂಪಸಾಮ್ಯವನ್ನೇ ಅರ್ಥಸಾಮ್ಯವೆಂದು ಭ್ರಮಿಸಿ ಎಡವುತ್ತಾನೆ. ಕನ್ನಡದಲ್ಲಿ ಭಾಷಣಾರ್ಥಕವಾಗಿರುವ 'ಉಪನ್ಯಾಸ' ಶಬ್ದವು ಹಿಂದಿಯಲ್ಲಿ ಕಾದಂಬರಿಯನ್ನು ಹೇಳುತ್ತದೆಂಬುದನ್ನು ಬಲ್ಲವರಿಗೆ ಈ ಸಂಗತಿಯನ್ನು ವಿಸ್ತರಿಸಬೇಕಾದುದಿಲ್ಲ.

ನೆದರ್ಲೆಂಡ್ಸ್ ದೇಶದಲ್ಲಿಯೂ ಬೆಲ್ಜಿಯಮಿನ ಉತ್ತರಭಾಗವಾದ ಫ್ಲಾಂಡರ್ಸಿನಲ್ಲಿಯೂ ಮಾತೃಭಾಷೆಯಾಗಿರುವ ಡಚ್ ಭಾಷೆಯು ಇಂಗ್ಲಿಷಿನಂತೆಯೇ ಪಶ್ಚಿಮ ಜರ್ಮಾನಿಕ್ ವರ್ಗಕ್ಕೆ ಸೇರಿದುದು. ಇಂಗ್ಲಿಷ್ ವ್ಯಾಕರಣಕ್ಕೆ ಡಚ್ ವಿದ್ವಾಂಸರು ಮಾಡಿರುವ ಸೇವೆ ಅಲ್ಪವಲ್ಲ. ೧೯೦೪ ರಿಂದ ೧೯೨೯ ರ ವರೆಗೆ ಭಾಗಭಾಗವಾಗಿ ಹೊರಬಂದ ಪೌಟ್ಸ್ಮನ ಬೃಹದ್ವ್ಯಾಕರಣ, ಕ್ರೌಸಿಂಗನ ಕೈಪಿಡಿ, ೧೯೪೫ ರಲ್ಲಿ ಪ್ರಕಟವಾದ ಜಾಂಡ್‌ಫೋರ್ಟನ ಕೈಪಿಡಿ ಇವು ಇಂಗ್ಲಿಷರಲ್ಲದವರ ದೃಷ್ಟಿಯಿಂದ ಆ ಭಾಷೆಯನ್ನು ಪರಿಶೀಲಿಸಿದ ಗ್ರಂಥಗಳಲ್ಲಿ ಮುಖ್ಯವಾದುವು. ಹೀಗಿದ್ದರೂ ಡಚ್ ವಿದ್ಯಾರ್ಥಿಯು ಎರಡು ಸ್ಥಳಗಳಲ್ಲಿ ತಪ್ಪದೆ ತಪ್ಪುತ್ತಾನೆ. ಕ್ರಿಯಾಪದದ ಕಾಲರೂಪಗಳಲ್ಲಿ ಒಂದು. ಕರ್ತವ್ಯವನ್ನೂ ಆವಶ್ಯಕತೆಯನ್ನೂ ಹೇಳುವ ಸಹಾಯಕ್ರಿಯೆಗಳಲ್ಲಿ ಮತ್ತೊಂದು. ಇವೆರಡೂ ಬೇರೆಬೇರೆ ದೋಷಗಳಂತೆ ತೋರಿದರೂ ವಸ್ತುತಃ ಎರಡನೆಯದರ ಬೇರು ಮೊದಲನೆಯದರಲ್ಲಿದೆ. ಇಂಗ್ಲಿಷಿನ ಆವಶ್ಯಕತ್ವಬೋಧಕಗಳು ತಮ್ಮ ಭೂತಕಾಲವನ್ನು ಕಳೆದುಕೊಂಡುವು, ಡಚ್ಚಿನವು ಉಳಿಸಿಕೊಂಡುವು. ಈ ಒಂದು ಐತಿಹಾಸಿಕ ಭೇದವನ್ನು ಗ್ರಹಿಸಿದರೆ ಅನೇಕ ನಿಯಮಗಳನ್ನು ಪ್ರತ್ಯೇಕವಾಗಿ ಕಂಠಪಾಠ ಮಾಡುವ ಶ್ರಮ ತಪ್ಪುವುದೆಂಬುದು ಈ ಲೇಖನದ ಪ್ರತಿಪಾದ್ಯ.

ಮುಂದಿನ ಉದಾಹರಣೆಗಳಲ್ಲಿ ಡಚ್ ಪದಗಳನ್ನು ಉಚ್ಚಾರಣೆಗೆ ಹತ್ತಿರವಾಗುವಂತೆ ಕನ್ನಡ ಲಿಪಿಯಲ್ಲಿ ಬರೆದಿದೆ. ಆ ಭಾಷೆಯ ಕಂಠ್ಯವಾದ ಊಷ್ಮಧ್ವನಿಗೆ ಖಕಾರವನ್ನು ಬಳಸಿದೆ.

೨. ಕಾಲರೂಪಗಳ ಭೇದ

ಸಂಸ್ಕೃತದಲ್ಲಿ ಭೂತಕಾಲಕ್ಕೆ ಲುಙ್, ಲಙ್, ಲಿಟ್ ಎಂಬ ಮೂರು ಲಕಾರಗಳುಂಟು. ಸಾಮಾನ್ಯಭೂತ, ಅನದ್ಯತನಭೂತ, ಪರೋಕ್ಷಭೂತ ಎಂದು ಇವುಗಳ ಅರ್ಥವಿಭಾಗ. ನಡೆದುಹೋದ ಕ್ರಿಯೆಯನ್ನು ವಕ್ತೃವು ತನ್ನ ಇಂದಿನ ಸ್ಥಿತಿಯಿಂದ ಹೇಗೆ ನೋಡುತ್ತಾನೆಂಬುದರ ಮೇಲೆ ರೂಪವು ನಿಲ್ಲುವುದೆಂಬ ತತ್ತ್ವ ಇಲ್ಲಿ ಸ್ಪಷ್ಟವಾಗಿದೆ. ಇಂಗ್ಲಿಷಿನಲ್ಲಿಯೂ ಅಂತಹುದೊಂದು ವಿಭಾಗವುಂಟು. 'ಐ ಸಾ' ಎಂಬ ಸರಳಭೂತವು ಮುಗಿದುಹೋದ ಕಾಲಕ್ಕೆ ಸೇರಿದುದು. 'ಐ ಹ್ಯಾವ್ ಸೀನ್' ಎಂಬ ಪೂರ್ಣವರ್ತಮಾನವು ವರ್ತಮಾನದೊಡನೆ ಇನ್ನೂ ಸಂಬಂಧವುಳ್ಳುದು. ಆದುದರಿಂದಲೇ 'ನಿನ್ನೆ', 'ಹೋದ ವರ್ಷ' ಮುಂತಾಗಿ ಮುಗಿದ ಕಾಲವನ್ನು ಹೇಳುವ ಪದವು ಪಕ್ಕದಲ್ಲಿರುವಾಗ ಪೂರ್ಣವರ್ತಮಾನಕ್ಕೆ ಅಲ್ಲಿ ಪ್ರವೇಶವಿಲ್ಲ.

ಡಚ್ಚಿನಲ್ಲಿಯೂ ಈ ಎರಡು ರೂಪಗಳೇ ಇವೆ: 'ಇಕ್ ಜಾಖ್', 'ಇಕ್ ಹೆಬ್ ಖೆಜೀನ್'. ರಚನೆಯಲ್ಲಿ ಇವು ಇಂಗ್ಲಿಷಿನ ರೂಪಗಳ ಸಹೋದರಿಯರು. ವಿನಿಯೋಗದಲ್ಲಿ ಮಾತ್ರ ಹಾಗಲ್ಲ. ಡಚ್ ಮಾತಿನಲ್ಲಿ ನಡೆದ ಒಂದು ಘಟನೆಯನ್ನು ತಿಳಿಸಬೇಕಾದರೆ ಪೂರ್ಣರೂಪವೇ ಸಹಜ. ಸರಳಭೂತವು ಹೆಚ್ಚಾಗಿ ಕಥನದ ಓಟಕ್ಕೂ ಹಿಂದಿನ ಸ್ಥಿತಿಯ ವರ್ಣನೆಗೂ ಮೀಸಲು. ಆದಕಾರಣ 'ಇಕ್ ಹೆಬ್ ಹೆಮ್ ಖಿಸ್ಟೆರೆನ್ ಖೆಜೀನ್' ಎಂಬುದು ನಿರ್ದುಷ್ಟವಾದ ಡಚ್ ವಾಕ್ಯ. ಅದನ್ನೇ ಪದಶಃ 'ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ' ಎಂದರೆ ಇಂಗ್ಲಿಷಿನಲ್ಲಿ ಅಪಶಬ್ದ.

ಇದಕ್ಕೆ ವಿಪರೀತವಾದ ದೋಷವೂ ಉಂಟು. ಹಿಂದೆ ಆರಂಭವಾಗಿ ಇಂದೂ ನಡೆಯುತ್ತಿರುವ ಸ್ಥಿತಿಗೆ ಡಚ್ಚರು ವರ್ತಮಾನವನ್ನು ಬಳಸುತ್ತಾರೆ: 'ಇಕ್ ವೋನ್ ಹೀರ್ ಅಲ್ ಟೀನ್ ಯಾರ್'. ಇಂಗ್ಲಿಷಿನಲ್ಲಿ ಇಲ್ಲಿಯೇ ಪೂರ್ಣರೂಪವು ಬೇಕು: 'ಐ ಹ್ಯಾವ್ ಲಿವ್ಡ್ ಹಿಯರ್ ಫಾರ್ ಟೆನ್ ಇಯರ್ಸ್'. ಅಂದರೆ ಪೂರ್ಣರೂಪವು ಬೇಡವಾದಲ್ಲಿ ಡಚ್ ವಿದ್ಯಾರ್ಥಿಯು ಅದನ್ನು ತರುತ್ತಾನೆ, ಬೇಕಾದಲ್ಲಿ ಬಿಡುತ್ತಾನೆ. ಕನ್ನಡದವನೂ 'ಹತ್ತು ವರ್ಷದಿಂದ ಇಲ್ಲಿ ವಾಸವಾಗಿದ್ದೇನೆ' ಎಂದು ವರ್ತಮಾನವನ್ನೇ ಹೇಳುವವನಾದುದರಿಂದ ಈ ಎರಡನೆಯ ದೋಷದಲ್ಲಿ ಅವನೂ ಡಚ್ಚನ ಸಹಪಾಠಿ.

ನಡೆಯುತ್ತಿರುವ ಕ್ರಿಯೆಯ ವಿಷಯದಲ್ಲಿ ಕನ್ನಡದವನಿಗೆ ಡಚ್ಚನಿಗಿಂತ ಕಷ್ಟ ಕಡಮೆ. 'ಮಾಡುತ್ತೀಯೆ', 'ಮಾಡುತ್ತಿದ್ದೀಯೆ' ಎಂಬ ಭೇದವು ಅವನಲ್ಲಿ ಆಗಲೇ ಇದೆ. ಡಚ್ಚಿನಲ್ಲಿ 'ಆನ್ ಹೆಟ್' ಎಂಬುದನ್ನು ಸೇರಿಸಿ ಅಂತಹ ಅರ್ಥವನ್ನು ಹೇಳಬಹುದಾದರೂ ಅದು ನಿಯತವಲ್ಲ. ಸರಳವರ್ತಮಾನವೇ ಎರಡಕ್ಕೂ ಸಾಲುತ್ತದೆ. 'ವಾಟ್ ಡೂ ಯೆ?' ಎಂದು ಕೇಳಿದವನು 'ಈಗ ಏನು ಮಾಡುತ್ತಿದ್ದೀಯೆ?' ಎಂದು ಕೇಳಿರಬಹುದು. ಅದನ್ನು 'ವಾಟ್ ಡೂ ಯೂ ಡೂ?' ಎಂದು ತಿರುಗಿಸಿದರೆ ಇಂಗ್ಲಿಷನು ತನ್ನ ಉದ್ಯೋಗವನ್ನು ಹೇಳುವನು. ಭವಿಷ್ಯತ್ತಿನಲ್ಲಿಯೂ ಹೀಗೆಯೇ: 'ಇಕ್ ಕೋಮ್ ಮೋರ್ಖೆನ್' ಎಂಬುದರ ಅನುಕರಣವಾದ 'ಐ ಕಮ್ ಟುಮಾರೋ' ಎಂಬುದು ಇಂಗ್ಲಿಷ್ ಕಿವಿಗೆ ಒಗ್ಗದು.

೩. ಎರಡು ಬಾರಿ ವರ್ತಮಾನವಾದ ಭೂತ

ಇನ್ನು ಆವಶ್ಯಕತ್ವದ ವಿಚಾರ. ಡಚ್ಚಿನ 'ಮೂಟೆನ್' ಎಂಬ ಧಾತುವು ಇಂಗ್ಲಿಷಿನ 'ಮಸ್ಟ್' ಎಂಬುದಕ್ಕೆ ದಾಯಾದಿ. ವಿದ್ಯಾರ್ಥಿಯು ಇದನ್ನು ಮೊದಲ ದಿನವೇ ಕಿವಿಯಿಂದ ಗುರುತಿಸುತ್ತಾನೆ. ಅಲ್ಲಿಂದಲೇ ಅವನ ಕಷ್ಟವೂ ಆರಂಭವಾಗುತ್ತದೆ. ಇದರ ಕಾರಣವನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಸಂಸ್ಕೃತದಲ್ಲಿ ವಿದ್ ಧಾತುವಿಗೆ 'ವೇತ್ತಿ' ಎಂಬುದರ ಜೊತೆಗೆ 'ವೇದ' ಎಂಬ ರೂಪವೂ ವರ್ತಮಾನಾರ್ಥದಲ್ಲಿ ಸಾಧುವೆಂಬುದು ವೈಯಾಕರಣರಿಗೆ ಸುವಿದಿತ. ಆಕಾರದಲ್ಲಿ ಅದು ಲಿಟ್ಟಿನ ರೂಪ. ಅರ್ಥದಲ್ಲಿ 'ತಿಳಿದಿದ್ದಾನೆ' ಎಂಬ ವರ್ತಮಾನ. ಡಚ್ಚಿನ 'ವೇಟ್' ಎಂಬುದೂ ಇಂಗ್ಲಿಷಿನಲ್ಲಿ ಈಗ ಲುಪ್ತಪ್ರಾಯವಾದ 'ವಾಟ್' ಎಂಬುದೂ ಈ 'ವೇದ' ಶಬ್ದದ ಸಜಾತೀಯಗಳೇ. ಜರ್ಮಾನಿಕ್ ಭಾಷೆಗಳಲ್ಲಿ ಹೀಗೆ ಪ್ರಾಚೀನ ಪೂರ್ಣಭೂತವು ವರ್ತಮಾನಾರ್ಥವನ್ನು ಪಡೆದ ಧಾತುಗಳ ಒಂದು ಗುಂಪೇ ಇದೆ. 'ಮೂಟೆನ್' ಆ ಗುಂಪಿಗೆ ಸೇರಿದುದು. ಇಂಗ್ಲಿಷಿನ 'ಷಲ್', 'ಮೇ', 'ಕ್ಯಾನ್' ಇವೂ ಅವೇ. ವರ್ತಮಾನದ ಪ್ರಥಮಪುರುಷದಲ್ಲಿ ಇವಕ್ಕೆ ಇಂಗ್ಲಿಷಿನ ಸಕಾರಪ್ರತ್ಯಯವಾಗಲಿ ಡಚ್ಚಿನ ಟಕಾರಪ್ರತ್ಯಯವಾಗಲಿ ಹತ್ತದಿರುವುದಕ್ಕೆ ಇದೇ ಕಾರಣ. ಭೂತವು ವರ್ತಮಾನವಾದ ಮೊದಲನೆಯ ಸಲ ಇದು.

ಪ್ರಾಚೀನ ಇಂಗ್ಲಿಷಿನಲ್ಲಿ 'ಮೋಟಾನ್' ಎಂಬ ಧಾತುವಿತ್ತು. ಅದರ ಅರ್ಥ ಮುಖ್ಯವಾಗಿ ಅನುಮತಿ, ಬಳಿಕ ಆವಶ್ಯಕತೆ. ಅನುಮತಿಯಿಂದ ಆಜ್ಞೆಗೆ ಅರ್ಥವು ಜಾರುವುದು ವಿಚಿತ್ರವೆಂದು ತೋರಬಹುದು. ಆದರೆ ಪಾಣಿನಿಯು ತವ್ಯ, ಅನೀಯರ್ ಮುಂತಾದ ಕೃತ್ಯಪ್ರತ್ಯಯಗಳನ್ನು ಪ್ರೈಷ, ಅತಿಸರ್ಗ, ಪ್ರಾಪ್ತಕಾಲ ಎಂಬ ಮೂರು ಅರ್ಥಗಳಲ್ಲಿ ಒಟ್ಟಿಗೆ ವಿಧಿಸಿರುವುದನ್ನು ಸ್ಮರಿಸಿದರೆ ಆಶ್ಚರ್ಯವು ಶಮಿಸುವುದು. ಪ್ರೈಷವೆಂದರೆ ಆಜ್ಞೆ, ಅತಿಸರ್ಗವೆಂದರೆ ಅನುಮತಿ. ಎರಡೂ ಒಂದೇ ಪ್ರತ್ಯಯದಲ್ಲಿ ನಿಲ್ಲಬಲ್ಲುವು.

ಈ 'ಮೋಟಾನ್' ಧಾತುವಿನ ಭೂತರೂಪವಾದ 'ಮೋಸ್ಟೆ' ಎಂಬುದೇ ಇಂದಿನ 'ಮಸ್ಟ್'. ಕಾಲಕ್ರಮದಲ್ಲಿ ಇಂಗ್ಲಿಷಿನ ವರ್ತಮಾನರೂಪವು ಅಳಿಯಿತು. ಭೂತರೂಪವು ಅದರ ಸ್ಥಾನವನ್ನು ಆಕ್ರಮಿಸಿತು. 'ಷುಡ್' ಎಂಬುದು 'ಷಲ್' ಎಂಬುದರ ಭೂತ. 'ಆಟ್' ಎಂಬುದು 'ಓ' ಎಂಬ ಧಾತುವಿನ ಹಳೆಯ ಭೂತ. ಇವು ಮೂರೂ ಇಂದು ವರ್ತಮಾನಾರ್ಥದಲ್ಲಿ ನಡೆಯುತ್ತವೆ. ಇದು ಎರಡನೆಯ ಸಲ. 'ಷಲ್' ಮತ್ತು 'ಓ' ಎರಡರಲ್ಲಿಯೂ ಸಾಲದ ಭಾವವಿರುವುದು ಗಮನಾರ್ಹ. ಆವಶ್ಯಕತ್ವವನ್ನೂ ಆಧಮರ್ಣ್ಯವನ್ನೂ, ಎಂದರೆ ಋಣಿಯಾಗಿರುವಿಕೆಯನ್ನೂ, ಪಾಣಿನಿಯು ಒಂದೇ ಸೂತ್ರದಲ್ಲಿ ಜೊತೆಗೂಡಿಸಿದ್ದಾನೆ. ಮಾಡಬೇಕಾದುದು ತೀರಿಸಬೇಕಾದ ಸಾಲವೆಂಬ ಭಾವನೆ ಯಾವುದೋ ಒಂದು ದೇಶದ್ದಲ್ಲ.

ಭೂತರೂಪವನ್ನು ವರ್ತಮಾನಕ್ಕೆ ವ್ಯಯಮಾಡಿದ ಮೇಲೆ ಭೂತಕ್ಕೆ ಉಳಿದುದೇನು? ಏನೂ ಉಳಿಯಲಿಲ್ಲ. 'ಮಸ್ಟ್' ಎಂಬುದಕ್ಕೆ ಇಂದು ಭೂತವಿಲ್ಲ, ಕೃದಂತವಿಲ್ಲ, ಭಾವರೂಪವಿಲ್ಲ. ಅವನ್ನೆಲ್ಲ 'ಹ್ಯಾವ್ ಟು' ಎಂಬ ಬೇರೊಂದು ರಚನೆಯಿಂದ ಸಾಲ ತರಬೇಕು. ಪರೋಕ್ಷಕಥನದಲ್ಲಿ ಮಾತ್ರ 'ಹೀ ಸೆಡ್ ಹೀ ಮಸ್ಟ್ ಗೋ' ಎಂದು 'ಮಸ್ಟ್' ಬದಲಾಗದೆ ಉಳಿಯಬಹುದು. ತಾನು ಹಿಂದೊಮ್ಮೆ ಭೂತವಾಗಿದ್ದುದರ ಗುರುತನ್ನು ಅದು ಅಲ್ಲಿ ಉಳಿಸಿಕೊಂಡಂತಿದೆ.

ಡಚ್ಚಿನಲ್ಲಾದರೋ ಈ ಎರಡನೆಯ ಪರಿಣಾಮವು ನಡೆಯಲಿಲ್ಲ. 'ಮೂಟ್' ವರ್ತಮಾನವಾಗಿಯೂ 'ಮೂಸ್ಟ್' ಭೂತವಾಗಿಯೂ 'ಮೂಟೆನ್' ಭಾವರೂಪವಾಗಿಯೂ ಸುಖವಾಗಿ ಬಾಳುತ್ತಿವೆ. 'ಇಕ್ ಜಲ್ ಮೂಟೆನ್ ಖಾನ್' ಎಂದರೆ 'ನಾನು ಹೋಗಬೇಕಾಗುವುದು'. ಇದನ್ನು ಅನುಸರಿಸಿದ ಹುಡುಗನು 'ಐ ವಿಲ್ ಮಸ್ಟ್ ಗೋ' ಎನ್ನುತ್ತಾನೆ. ಇದು ಅಜ್ಞಾನವಲ್ಲ, ಸಮೃದ್ಧಿಯ ಅಭ್ಯಾಸ. ತನ್ನ ಮನೆಯಲ್ಲಿ ಪೂರ್ಣವಾಗಿರುವ ಪಾತ್ರೆ ನೆರೆಮನೆಯಲ್ಲಿ ಒಡೆದಿದೆಯೆಂದು ಅವನಿಗೆ ಯಾರೂ ಹೇಳಿರುವುದಿಲ್ಲ.

ಕನ್ನಡದವನು ಇಲ್ಲಿ ಇಂಗ್ಲಿಷಿನ ಪಕ್ಷದವನು. ನಮ್ಮ 'ಬೇಕು' ಎಂಬುದೂ ತಾನಾಗಿ ಕಾಲಪ್ರತ್ಯಯಗಳನ್ನು ಹೊಂದದು. 'ಬೇಕಾಯಿತು', 'ಬೇಕಾಗಿತ್ತು', 'ಬೇಕಾಗುವುದು' ಎಂದು ಆಗು ಧಾತುವಿನ ಊರೆಗೋಲನ್ನು ಹಿಡಿದೇ ಅದು ನಡೆಯಬೇಕು.

೪. ಆವಶ್ಯಕತೆ ಎಲ್ಲಿಂದ ಬಂದುದು

ವರ್ತಮಾನದಲ್ಲಿಯೂ ಇಂಗ್ಲಿಷ್ ಒಂದು ಭೇದವನ್ನು ಮಾಡುತ್ತದೆ. ವಕ್ತೃವು ತಾನೇ ವಿಧಿಸುವ ಅಥವಾ ತನ್ನಲ್ಲೇ ಅನುಭವಿಸುವ ಆವಶ್ಯಕತೆಗೆ 'ಮಸ್ಟ್'. ಹೊರಗಿನ ನಿಯಮ, ಸಂದರ್ಭ, ಅನ್ಯರ ಆಜ್ಞೆ ಇವುಗಳಿಂದ ಬಂದುದಕ್ಕೆ 'ಹ್ಯಾವ್ ಟು'. ಈ ವಿಭಾಗವು ಕಠಿನವಾದ ಗಡಿಯಲ್ಲ, ಪ್ರಯೋಗದ ಒಲವು. ಡಚ್ಚಿನಲ್ಲಿ ಎರಡೂ 'ಮೂಟೆನ್'. ಆವಶ್ಯಕತೆಯ ಮೂಲವನ್ನು ಹೇಳಬೇಕಾದರೆ ಆ ಭಾಷೆಯು ಕ್ರಿಯೆಯನ್ನು ಬದಲಿಸದೆ 'ಫಾನ್' ಎಂಬ ಉಪಪದವನ್ನು ಸೇರಿಸುತ್ತದೆ: 'ಇಕ್ ಮೂಟ್ ಫಾನ್ ಡೆ ಡಾಕ್ಟರ್ ಸ್ಟಾಪ್ಪೆನ್', ವೈದ್ಯನ ಕಡೆಯಿಂದ ನಾನು ನಿಲ್ಲಿಸಬೇಕು. ಇದನ್ನು ಇಂಗ್ಲಿಷಿಗೆ ಪದಶಃ ತರುವುದು ಸಾಧ್ಯವಿಲ್ಲ; 'ವೈದ್ಯನು ಹೇಳುತ್ತಾನೆ' ಎಂದು ಬೇರೊಂದು ವಾಕ್ಯವನ್ನೇ ಕಟ್ಟಬೇಕು.

ಧ್ವನಿಸಾಮ್ಯದ ಸೆಳೆತದಿಂದ ಡಚ್ ವಿದ್ಯಾರ್ಥಿಯು ಎಲ್ಲ ಕಡೆಯಲ್ಲಿಯೂ 'ಮಸ್ಟ್' ಎನ್ನುವನು. ಇಂಗ್ಲಿಷಿನಲ್ಲಿಯೋ ಆ ಪದವು ಹಿಂಜರಿಯುತ್ತಿದೆ. ೧೯೬೧ ಮತ್ತು ೧೯೯೧ ರ ಬರಹಗಳ ಸಂಗ್ರಹಗಳನ್ನು ಹೋಲಿಸಿ ಜೆಫ್ರಿ ಲೀಚ್ ಎಂಬ ವಿದ್ವಾಂಸನು ಈ ಇಳಿತವನ್ನು ತೋರಿಸಿದ್ದಾನೆ. ಆದುದರಿಂದ 'ಯೂ ಮಸ್ಟ್ ಸೆಂಡ್ ಮಿ ದ ಪೇಪರ್ಸ್' ಎಂದು ಬರೆದ ಡಚ್ ಗುಮಾಸ್ತನು ತಾನು ಸಾಧಾರಣವಾಗಿ ತಿಳಿಸಿದೆನೆಂದು ಭಾವಿಸಿರುವಾಗ ಓದಿದವನು ಅದನ್ನು ಅಪ್ಪಣೆಯೆಂದು ಗ್ರಹಿಸಿ ಮುಖ ಗಂಟಿಕ್ಕುತ್ತಾನೆ. ವ್ಯಾಕರಣದೋಷವಿಲ್ಲದ ಈ ವಾಕ್ಯದಲ್ಲಿ ವಿನಯದೋಷವಿದೆ.

ಇನ್ನೊಂದು ಸಣ್ಣ ಭೇದ. 'ಇಕ್ ಮೂಟ್ ನಾರ್ ಹೌಸ್' ಎಂದರೆ 'ನಾನು ಮನೆಗೆ ಬೇಕು' ಎಂದಂತೆ. ಹೋಗುವ ಕ್ರಿಯೆಯು ಅಧ್ಯಾಹೃತ. ಇಂಗ್ಲಿಷಿನಲ್ಲಿ 'ಗೋ' ಎಂಬುದನ್ನು ಬಾಯಿಬಿಟ್ಟು ಹೇಳತಕ್ಕದ್ದು.

೫. ನಿಷೇಧವೂ ಆವಶ್ಯಕತೆಯ ಅಭಾವವೂ

ನಞರ್ಥವು ಧಾತ್ವರ್ಥದೊಡನೆ ಅನ್ವಯಿಸುವುದೋ ಪ್ರತ್ಯಯಾರ್ಥದೊಡನೆ ಅನ್ವಯಿಸುವುದೋ ಎಂಬುದು ಮೀಮಾಂಸಕರ ಪ್ರಸಿದ್ಧ ವಿಚಾರ. ಅವರ ನಿರ್ಣಯವು ಇಲ್ಲಿಗೆ ನೇರವಾಗಿ ಹೊಂದದಿದ್ದರೂ ಪ್ರಶ್ನೆಯ ಸ್ವರೂಪವು ಅದೇ. 'ಹೋಗದಿರುವುದು ಆವಶ್ಯಕ' ಎಂಬುದು ಒಂದು. 'ಹೋಗುವುದು ಆವಶ್ಯಕವಲ್ಲ' ಎಂಬುದು ಮತ್ತೊಂದು. ಮೊದಲನೆಯದು ನಿಷೇಧ, ಎರಡನೆಯದು ಸ್ವಾತಂತ್ರ್ಯ. ಕನ್ನಡವು 'ಹೋಗಕೂಡದು', 'ಹೋಗಬೇಕಾಗಿಲ್ಲ' ಎಂದು ಇವನ್ನು ಸ್ಫುಟವಾಗಿ ಬೇರ್ಪಡಿಸುತ್ತದೆ.

ಇಂಗ್ಲಿಷಿನಲ್ಲಿ 'ಮಸ್ಟ್ ನಾಟ್' ನಿಷೇಧ. 'ನೀಡ್ ನಾಟ್' ಅಥವಾ 'ಡೂ ನಾಟ್ ಹ್ಯಾವ್ ಟು' ಅಭಾವ. 'ಮಸ್ಟ್' ಮತ್ತು 'ಹ್ಯಾವ್ ಟು' ವಿಧಿಯಲ್ಲಿ ಒಂದರ ಬದಲು ಒಂದು ನಿಲ್ಲಬಹುದಾದರೂ ನಿಷೇಧದಲ್ಲಿ ವಿರುದ್ಧದಿಕ್ಕಿಗೆ ಹೋಗುವುದನ್ನು ವಿದ್ಯಾರ್ಥಿಯು ವಿಶೇಷವಾಗಿ ಗಮನಿಸತಕ್ಕದ್ದು.

ಡಚ್ಚಿನಲ್ಲಿ ಅಭಾವಕ್ಕೆ 'ಹೂವೆನ್' ಎಂಬ ಪ್ರತ್ಯೇಕ ಧಾತುವಿದೆ. ಅದು ನಿಷೇಧಾರ್ಥಕ ಅಥವಾ 'ಮಾತ್ರ' ಎಂಬಂತಹ ಸಂಕೋಚಕ ಪದದ ಸಹವಾಸವಿಲ್ಲದೆ ಸಾಧಾರಣವಾಗಿ ಬಾರದು. 'ಯೆ ಹೂಫ್ಟ್ ನೀಟ್ ಟೆ ಕೋಮೆನ್' ಎಂದರೆ 'ನೀನು ಬರಬೇಕಾಗಿಲ್ಲ'. ನಿಷೇಧಕ್ಕೆ ಹೆಚ್ಚಾಗಿ 'ಮಾಖ್ ನೀಟ್' ಎಂದು ಅನುಮತಿಯ ನಿರಾಕರಣವನ್ನು ಹೇಳುವುದು ವಾಡಿಕೆ. 'ಮೂಟ್ ನೀಟ್' ಎಂಬುದೂ ಉಂಟು. ಆದರೆ ಫ್ಲಾಂಡರ್ಸಿನ ಮಾತಿನಲ್ಲಿ 'ಮೂಟ್ ನೀಟ್' ಎಂಬುದು 'ಹೂಫ್ಟ್ ನೀಟ್' ಎಂಬುದರ ಅರ್ಥದಲ್ಲಿಯೇ ಪ್ರಚುರವಾಗಿದೆ. ಅಲ್ಲಿಯ ಗೃಹಸ್ಥನು ಅತಿಥಿಗೆ ಉಪಚಾರದಿಂದ 'ನೀವು ಏನೂ ತರಬೇಕಾಗಿಲ್ಲ' ಎನ್ನಲು ಹೊರಟು 'ಯೂ ಮಸ್ಟ್ ನಾಟ್ ಬ್ರಿಂಗ್ ಎನಿಥಿಂಗ್' ಎಂದನೆಂದರೆ, 'ಏನನ್ನೂ ತರಕೂಡದು' ಎಂದು ಗದರಿಸಿದಂತಾಗುವುದು.

೬. ನಡೆದುದೂ ನಡೆಯಬೇಕಾಗಿದ್ದುದೂ

ಭೂತಕಾಲದ ಆವಶ್ಯಕತೆಯಲ್ಲಿ ಅತ್ಯಂತ ಗಂಭೀರವಾದ ಪ್ರಮಾದವು ಸಂಭವಿಸುತ್ತದೆ. ಆವಶ್ಯಕವಾಗಿದ್ದ ಕ್ರಿಯೆಯು ನಡೆಯಿತೆ ಇಲ್ಲವೆ ಎಂಬುದು ಇಲ್ಲಿಯ ಪ್ರಶ್ನೆ. ಮೂರು ಅರ್ಥಗಳನ್ನು ಬೇರ್ಪಡಿಸಬೇಕು.

ಮೊದಲನೆಯದು: ಆವಶ್ಯಕವಾಗಿತ್ತು; ಸಾಮಾನ್ಯವಾಗಿ ನಡೆಯಿತೆಂದೇ ಭಾವ. ಕನ್ನಡದಲ್ಲಿ 'ಹೋಗಬೇಕಾಯಿತು', ಇಂಗ್ಲಿಷಿನಲ್ಲಿ 'ಐ ಹ್ಯಾಡ್ ಟು ಗೋ', ಡಚ್ಚಿನಲ್ಲಿ 'ಇಕ್ ಮೂಸ್ಟ್ ಖಾನ್' ಅಥವಾ 'ಇಕ್ ಹೆಬ್ ಮೂಟೆನ್ ಖಾನ್'.

ಎರಡನೆಯದು: ಉಚಿತವಾಗಿತ್ತು, ಆದರೆ ನಡೆಯಲಿಲ್ಲ. ಕನ್ನಡದಲ್ಲಿ 'ಹೋಗಬೇಕಾಗಿತ್ತು', ಇಂಗ್ಲಿಷಿನಲ್ಲಿ 'ಐ ಷುಡ್ ಹ್ಯಾವ್ ಗಾನ್', ಡಚ್ಚಿನಲ್ಲಿ 'ಇಕ್ ಹ್ಯಾಡ್ ಮೂಟೆನ್ ಖಾನ್'.

ಮೂರನೆಯದು: ಹಿಂದೆ ನಡೆದಿರಬೇಕೆಂಬ ಅನುಮಾನ. ಕನ್ನಡದಲ್ಲಿ 'ಹೋಗಿರಬೇಕು', ಇಂಗ್ಲಿಷಿನಲ್ಲಿ 'ಹೀ ಮಸ್ಟ್ ಹ್ಯಾವ್ ಗಾನ್', ಡಚ್ಚಿನಲ್ಲಿ 'ಹೈ ಮೂಟ್ ಖೆಖಾನ್ ಜೈನ್'.

ಎರಡನೆಯ ಪಂಕ್ತಿಯ ಡಚ್ ವಾಕ್ಯವನ್ನು ಮೊದಲನೆಯ ಪಂಕ್ತಿಯ ಇಂಗ್ಲಿಷ್ ವಾಕ್ಯದ ಪಕ್ಕದಲ್ಲಿಟ್ಟು ನೋಡಬೇಕು. ಎರಡರಲ್ಲಿಯೂ 'ಹ್ಯಾಡ್' ಇದೆ, ಎರಡರಲ್ಲಿಯೂ ಆವಶ್ಯಕತೆಯಿದೆ. ಡಚ್ ವಿದ್ಯಾರ್ಥಿಯ ಕಣ್ಣಿಗೆ ಅವು ಅವಳಿಗಳು. ಅರ್ಥದಲ್ಲಿ ಪರಸ್ಪರ ವಿರುದ್ಧ. ಆಸ್ಪತ್ರೆಯ ವರದಿಯೊಂದರಲ್ಲಿ 'ದಾದಿಯು ಔಷಧವನ್ನು ಕೊಡಬೇಕಾಗಿತ್ತು, ಕೊಡಲಿಲ್ಲ' ಎಂಬ ಅಭಿಪ್ರಾಯದಿಂದ 'ದ ನರ್ಸ್ ಹ್ಯಾಡ್ ಟು ಗಿವ್ ದ ಮೆಡಿಸಿನ್' ಎಂದು ಬರೆದರೆ, ಓದಿದವನು ಔಷಧವು ಕೊಡಲ್ಪಟ್ಟಿತೆಂದು ತಿಳಿಯುವನು. ಪ್ರತಿಯೊಂದು ಪದವೂ ಸಾಧು, ವಾಕ್ಯವೂ ಸಾಧು, ತಿಳಿದ ಸಂಗತಿ ಮಾತ್ರ ಸುಳ್ಳು. ಅಪಶಬ್ದವಾದರೆ ಕೇಳಿದವನು ನಿಂತು ಪ್ರಶ್ನಿಸುವನು. ಸಾಧುಶಬ್ದದ ದೋಷವನ್ನು ಯಾರೂ ತಡೆಯರು.

ಡಚ್ಚಿನ 'ಹೆಬ್ ಮೂಟೆನ್' ಎಂಬಲ್ಲಿ ಕೃದಂತವಿರಬೇಕಾದ ಕಡೆ ಭಾವರೂಪವಿರುವುದನ್ನೂ ಗಮನಿಸಬೇಕು. ಮತ್ತೊಂದು ಭಾವರೂಪವು ಹಿಂದೆ ಬರುವಾಗ ಕೃದಂತವು ಹೀಗೆ ಮಾರ್ಪಡುವುದು ಆ ಭಾಷೆಯ ನಿಯಮ. 'ಹ್ಯಾಡ್ ಮೂಟೆನ್ ಖಾನ್' ಎಂಬುದು 'ಹ್ಯಾಡ್ ಟು ಗೋ' ಎಂಬುದನ್ನು ಹೋಲುವಂತಾದುದಕ್ಕೆ ಈ ನಿಯಮವೂ ಒಂದು ಕಾರಣ.

೭. 'ಜೌ' ಎಂಬುದರ ವಿಷಯ

'ಷುಡ್' ಎಂಬುದಕ್ಕೆ ಡಚ್ಚಿನಲ್ಲಿ ದಾಯಾದಿಯಾದ ಪದ 'ಜೌ'. ಆದರೆ 'ಜೌ' ಒಂದೇ ನಿಂತಾಗ ಕರ್ತವ್ಯವನ್ನು ಹೇಳದು. 'ಜೌ ಮೂಟೆನ್' ಎಂದಾಗ ಮಾತ್ರ ಇಂಗ್ಲಿಷಿನ 'ಷುಡ್' ಎಂಬುದಕ್ಕೆ ಸಮನಾಗುವುದು. ಒಂಟಿಯಾದ 'ಜೌ' ಎಂಬುದಕ್ಕೆ ವದಂತಿಯ ಅರ್ಥವೂ ಉಂಟು. 'ಡೆ ಮಿನಿಸ್ಟರ್ ಜೌ ಜೀಕ್ ಜೈನ್' ಎಂದರೆ 'ಮಂತ್ರಿಯು ಅಸ್ವಸ್ಥನಂತೆ'. ಕನ್ನಡದ 'ಅಂತೆ' ಎಂಬ ಅವ್ಯಯವು ಮಾಡುವ ಕೆಲಸವನ್ನು ಇಲ್ಲಿ 'ಜೌ' ಮಾಡುತ್ತದೆ. ಇದನ್ನು 'ದ ಮಿನಿಸ್ಟರ್ ಷುಡ್ ಬಿ ಇಲ್' ಎಂದರೆ ಮಂತ್ರಿಯು ಅಸ್ವಸ್ಥನಾಗಿರುವುದು ಉಚಿತವೆಂದಂತಾಗುವುದು. ಸುದ್ದಿಯು ಹೀಗೆ ಶಾಪವಾಗಿ ಪರಿಣಮಿಸದಂತೆ 'ಈಸ್ ಸೆಡ್ ಟು ಬಿ' ಎಂದು ಬರೆಯಬೇಕು.

೮. ಉಪಸಂಹಾರ

ಇದುವರೆಗೆ ಹೇಳಿದುದರಿಂದ ಬೋಧನಕ್ರಮಕ್ಕೆ ಉಪಯುಕ್ತವಾದ ಒಂದಂಶವು ಸಿದ್ಧಿಸುತ್ತದೆ. 'ಮೂಟೆನ್ ಎಂದರೆ ಮಸ್ಟ್' ಎಂದು ಮೊದಲು ಹೇಳಿ, ಬಳಿಕ ಅಪವಾದಗಳನ್ನು ಒಂದೊಂದಾಗಿ ಸೇರಿಸುವ ಕ್ರಮವು ಸಮಂಜಸವಲ್ಲ. ಅಪವಾದಗಳೇ ಉತ್ಸರ್ಗಕ್ಕಿಂತ ಹೆಚ್ಚಾಗುವುವು. ಅದರ ಬದಲು ಡಚ್ ವಾಕ್ಯವನ್ನು ಇಂಗ್ಲಿಷಿಗೆ ತರುವ ಮೊದಲು ವಿದ್ಯಾರ್ಥಿಯು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಮೇಲು. ಆವಶ್ಯಕತೆಯು ಯಾರಿಂದ ಬಂದುದು? 'ಅಲ್ಲ' ಎಂಬುದು ಕ್ರಿಯೆಗೆ ಸೇರುವುದೋ ಆವಶ್ಯಕತೆಗೆ ಸೇರುವುದೋ? ಕಾಲವು ಕಳೆದಿದ್ದರೆ ಕ್ರಿಯೆಯು ನಡೆಯಿತೋ ಇಲ್ಲವೋ? ಈ ಮೂರಕ್ಕೆ ಉತ್ತರ ದೊರೆತರೆ ಇಂಗ್ಲಿಷಿನ ರೂಪವು ತಾನಾಗಿ ಬಂದು ನಿಲ್ಲುವುದು.

ಕನ್ನಡ ಅಧ್ಯಾಪಕರಿಗೂ ಇದರಿಂದ ಪ್ರಯೋಜನವಿಲ್ಲದಿಲ್ಲ. 'ಹೋಗಬೇಕಾಯಿತು', 'ಹೋಗಬೇಕಾಗಿತ್ತು', 'ಹೋಗಿರಬೇಕು' ಎಂಬ ಮೂರನ್ನು ಕನ್ನಡದ ಬಾಲಕನು ಯಾರೂ ಕಲಿಸದೆಯೇ ಬೇರ್ಪಡಿಸುತ್ತಾನೆ. ಇಂಗ್ಲಿಷ್ ತರಗತಿಯಲ್ಲಿ 'ಹ್ಯಾಡ್ ಟು', 'ಷುಡ್ ಹ್ಯಾವ್', 'ಮಸ್ಟ್ ಹ್ಯಾವ್' ಎಂಬುವನ್ನು ಕಲಿಸುವಾಗ ಈ ಜ್ಞಾನವನ್ನು ಎಚ್ಚರಗೊಳಿಸಿದರೆ, ನೆರೆಭಾಷೆಯ ಡಚ್ಚನು ಎಡವುವ ಕಲ್ಲನ್ನು ದೂರದ ಕನ್ನಡಿಗನು ಮೆಟ್ಟಿಲಾಗಿ ಮಾಡಿಕೊಳ್ಳಬಹುದು. ಭಾಷೆಗಳ ಸಾಮೀಪ್ಯವು ವಂಶವನ್ನು ಮಾತ್ರ ಅವಲಂಬಿಸಿದುದಲ್ಲ. ಯಾವ ಅರ್ಥಗಳನ್ನು ಬೇರ್ಪಡಿಸಿ ಹೇಳುತ್ತವೆಂಬುದನ್ನೂ ಅವಲಂಬಿಸಿದುದು.